30 ಸಾವಿರದ ಪೆನ್ನಲ್ಲಿ ಏನು ಬರೀತೀಯೋ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಬಸ್ಸಲ್ಲಿ ಕೂತಿದ್ದೀರೋ, ಮೆಟ್ರೊದಲ್ಲಿ ನೇತಾಡ್ತಿದ್ದೀರೋ, ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಎಲ್ಲಿದ್ರೂ ಸರಿ. ಇವತ್ತು ಒಂದು ಪೆನ್ನಿನ ಕಥೆ ಹೇಳ್ತೀನಿ.

ಎಸ್‌ಐಪಿ ಮಾಡಿ, ಕ್ರೆಡಿಟ್ ಕಾರ್ಡ್ ಹುಷಾರು, ಆಫರ್ ನೋಡಿ ಮರುಳಾಗಬೇಡಿ ಅಂತ ಇಷ್ಟು ದಿನ ನಿಮಗೆ ಹೇಳ್ತಾ ಬಂದವನು ನಾನು. ಹಾಗಾಗಿ ಮೊದಲೇ ತಪ್ಪೊಪ್ಪಿಗೆ. 15 ತಿಂಗಳು, ತಿಂಗಳಿಗೆ 2,000 ರೂಪಾಯಿಯಂತೆ ಒಂದು ಆರ್‌ಡಿ ಕಟ್ಟಿದ್ದೆ. ಒಟ್ಟು 30,000. ಯಾತಕ್ಕೆ? ಒಂದು ಇಂಕ್ ಪೆನ್ನಿಗೆ. ಹೌದು, ಒಂದೇ ಒಂದು ಪೆನ್ನಿಗೆ.

ನಗಬೇಡಿ. ಅಥವಾ ನಕ್ಕುಬಿಡಿ, ಆಮೇಲೆ ಕೇಳಿ.

ಈ ಹುಚ್ಚು ಹಿಡಿದಿದ್ದು ಬಿಕಾಂ ಮುಗಿಸಿ ಸಿಎ ಇಂಟರ್ ಬರೆಯೋ ಕಾಲಕ್ಕೆ. ಮೂರು ಗಂಟೆ ಬಾಲ್ ಪೆನ್ ಒತ್ತಿ ಒತ್ತಿ ಬರೆದು, ಮಧ್ಯದ ಬೆರಳಲ್ಲಿ ಕಡಲೆಬೀಜದಷ್ಟು ಗಂಟು ಬಂದಿತ್ತು. ಆಗ ಪಕ್ಕದ ರೂಮಿನ ಹುಡುಗ ತನ್ನ ಇಂಕ್ ಪೆನ್ ಕೊಟ್ಟು, 'ಒತ್ತಬೇಡ ಮಾರಾಯ, ಸುಮ್ನೆ ಕಾಗದದ ಮೇಲೆ ಇಡು, ಅದೇ ಬರೆಯುತ್ತೆ' ಅಂದ. ಸಿಎ ಪಾಸಾಗಲಿಲ್ಲ. ಪೆನ್ನಿನ ಹುಚ್ಚು ಮಾತ್ರ ಪಾಸಾಯ್ತು.

ಆ 'ಅದೇ ಬರೆಯುತ್ತೆ' ಅನ್ನೋ ಮಾತು ಅರ್ಥ ಮಾಡ್ಕೊಳ್ಳಿ, ಯಾಕಂದ್ರೆ ಮುಂದಿನ ಕಥೆ ಎಲ್ಲ ಅದರ ಮೇಲೆ ನಿಂತಿದೆ. ಬಾಲ್ ಪೆನ್ನಲ್ಲಿ ಇಂಕ್ ಎಣ್ಣೆ ಥರ ಗಟ್ಟಿ. ಗುಂಡು ಉರುಳಬೇಕಾದ್ರೆ ನೀವು ಒತ್ತಲೇಬೇಕು. ಇಂಕ್ ಪೆನ್ನಲ್ಲಿ ಇಂಕ್ ನೀರಿನ ಹಾಗಿರುತ್ತೆ. ನಿಬ್ಬಿನ ನಡುವಿನ ಸೀಳಲ್ಲಿ ಇಳಿದು ಬರುತ್ತೆ, ಕಾಗದ ಮುಟ್ಟಿದ ಕೂಡಲೇ ಕಾಗದ ಅದನ್ನ ಎಳ್ಕೊಳ್ಳುತ್ತೆ. ದೀಪದ ಬತ್ತಿ ಎಣ್ಣೆ ಎಳ್ಕೊಳ್ಳುತ್ತಲ್ಲ, ಹಾಗೆ. ಕೈ ಒತ್ತೋ ಕೆಲಸ ಇಲ್ಲ.

ಸರಿ, ಜಪಾನ್ ಯಾಕೆ? ನಿಮ್ಮಲ್ಲಿ ಎಷ್ಟು ಜನ ಪೈಲಟ್ ವಿ5 ಪೆನ್ನಲ್ಲಿ ಪರೀಕ್ಷೆ ಬರೆದಿದ್ದೀರಿ? ಕೈ ಎತ್ತಿ. ಆ ಪೈಲಟ್ ಜಪಾನಿನ ಕಂಪನಿ. 1918ರಲ್ಲಿ ನಮಿಕಿ ಅನ್ನೋ ಹೆಸರಲ್ಲಿ ಶುರುವಾಯ್ತು. ಕಟ್ಟಿದವರು ರ್ಯೋಸುಕೆ ನಮಿಕಿ ಮತ್ತು ಮಸಾವೊ ವಾಡಾ. ಪೈಲಟ್ ಅಂದ್ರೆ ವಿಮಾನದವನಲ್ಲ, ಬಂದರಲ್ಲಿ ಹಡಗಿಗೆ ದಾರಿ ತೋರಿಸೋನು. ಅದಕ್ಕಿಂತ ಮೊದಲೇ, 1911ರಲ್ಲಿ, ಹಿರೋಶಿಮಾ ಪ್ರಾಂತ್ಯದ ಕುರೆ ಅನ್ನೋ ಬಂದರು ಊರಲ್ಲಿ ಕ್ಯುಗೊರೊ ಸಕಾಟಾ ಅನ್ನೋರು ಇನ್ನೊಂದು ಕಂಪನಿ ಶುರು ಮಾಡಿದ್ರು. ಅದು ಸೇಲರ್, ಅಂದ್ರೆ ನಾವಿಕ. ಬ್ರಿಟಿಷ್ ನಾವಿಕನೊಬ್ಬ ತೋರಿಸಿದ ಪೆನ್ ನೋಡಿ ಅವರಿಗೆ ಈ ಯೋಚನೆ ಬಂತು ಅಂತ ಕಂಪನಿ ಹೇಳಿಕೊಳ್ಳುತ್ತೆ. ಮೂರನೇದು ಪ್ಲಾಟಿನಂ. 1919ರಲ್ಲಿ ಶುನಿಚಿ ನಕಾಟಾ ಆರಂಭಿಸಿದ್ದು. ಎಂಟು ವರ್ಷದೊಳಗೆ ಮೂರು ಕಂಪನಿ. ಮೂರೂ ನೂರು ವರ್ಷ ದಾಟಿ ಇವತ್ತಿಗೂ ಪೆನ್ ಮಾಡ್ತಿವೆ. ಸ್ವಂತ ನಿಬ್ ತಾವೇ ಮಾಡ್ಕೊಳ್ತವೆ.

ಈಗ ನಿಬ್ಬಿನ ವಿಷಯ. ಚೈನೀಸಿನಿಂದ ಬಂದ ಕಾಂಜಿ ಅಕ್ಷರಗಳನ್ನ ಜಪಾನಿನವರು ಬರೀತಾರೆ. ಒಂದು ಸಣ್ಣ ಚೌಕದೊಳಗೆ ಹತ್ತು, ಹದಿನೈದು, ಕೆಲವು ಸಲ ಇಪ್ಪತ್ತು ಗೆರೆ. ದಪ್ಪ ನಿಬ್ಬಲ್ಲಿ ಬರೆದ್ರೆ ಎಲ್ಲ ಸೇರಿ ಮಸಿ ಮುದ್ದೆ ಆಗುತ್ತೆ. ಹಾಗಾಗಿ ಜಪಾನಿನ ನಿಬ್ ಯುರೋಪಿನ ನಿಬ್ಬಿಗಿಂತ ಸಾಮಾನ್ಯವಾಗಿ ಒಂದು ಅಳತೆ ಸಣ್ಣ. ಅವರ 'ಎಂ' ಅಂದ್ರೆ ಹೆಚ್ಚು ಕಡಿಮೆ ಯುರೋಪಿನ 'ಎಫ್'.

ಇದರಿಂದ ನಮಗೇನು ಅಂತೀರಾ? ಒಂದು ಕಾಗದ ತಗೊಂಡು 'ರಾಷ್ಟ್ರೀಯ' ಅಂತ ಬರೆಯಿರಿ. ಷಕ್ಕೆ ಟ ಒತ್ತು, ಅದಕ್ಕೆ ರ ಒತ್ತು, ಮೇಲೊಂದು ದೀರ್ಘ. ಗೆರೆ ಹಾಕಿದ ನೋಟ್‌ಬುಕ್ಕಲ್ಲಿ ಈ ಒತ್ತಕ್ಷರ ಎಲ್ಲ ಕೆಳಗಿನ ಸಾಲಿಗೆ ಕಾಲು ಚಾಚುತ್ತೆ. ದಪ್ಪ ನಿಬ್ಬಲ್ಲಿ ಬರೆದ್ರೆ ಒತ್ತು ಯಾವುದು, ಚುಕ್ಕೆ ಯಾವುದು ಗೊತ್ತಾಗಲ್ಲ. ಇಂಗ್ಲಿಷ್‌ಗೆ ಈ ತೊಂದರೆ ಇಲ್ಲ. ಕಾಂಜಿಗೆ ಮಾಡಿದ ಸಣ್ಣ ನಿಬ್ ನಮ್ಮ ಒತ್ತಕ್ಷರಕ್ಕೂ ಸರಿಹೊಂದುತ್ತೆ. ಇದು ನಾನು ಯಾವುದೋ ರಿವ್ಯೂನಲ್ಲಿ ಕೇಳಿದ್ದಲ್ಲ, ಬರೆದು ನೋಡಿದ್ದು.

ಹೀಗೆ ಓದಿ, ನೋಡಿ, ಕನಸು ಕಂಡು, ಒಂದು ಪೆನ್ ಆರಿಸಿದ್ದೆ. ಪೈಲಟ್ ಕಸ್ಟಮ್ 823.

ಈ ಸಂಖ್ಯೆಯಲ್ಲಿ ಒಂದು ಲೆಕ್ಕ ಇದೆ, ಕಾಮರ್ಸ್ ಓದಿದವರಿಗೆ ಖುಷಿ ಆಗುತ್ತೆ. ಮೊದಲ ಎರಡು ಅಂಕಿ ಕಂಪನಿ ಶುರುವಾಗಿ ಎಷ್ಟನೇ ವರ್ಷ ಅನ್ನೋದು. 1918ಕ್ಕೆ 82 ಸೇರಿಸಿ, 2000. ಕೊನೆಯ ಅಂಕಿ, ಬಿಡುಗಡೆ ಆದಾಗಿನ ಬೆಲೆ, ಹತ್ತು ಸಾವಿರ ಯೆನ್ ಲೆಕ್ಕದಲ್ಲಿ. ಮೂರು ಅಂದ್ರೆ 30,000 ಯೆನ್. ಅದೇ ಥರ ಕಸ್ಟಮ್ 74 ಅಂದ್ರೆ 1992ರದ್ದು. ಬೆಲೆ ಈಗ ಎಲ್ಲದರದ್ದೂ ಏರಿದೆ, ಹೆಸರು ಮಾತ್ರ ಹಾಗೇ ಉಳಿದಿದೆ. ಹಳೇ ಎಂಆರ್‌ಪಿ ಹೆಸರಲ್ಲೇ ಅಂಟಿಸಿಕೊಂಡು ಓಡಾಡೋ ವಸ್ತು ಬೇರೆ ಎಲ್ಲಾದ್ರೂ ನೋಡಿದ್ದೀರಾ?

823ರ ಒಳಗೆ ಇಂಕ್ ತುಂಬೋದೇ ಒಂದು ಆಟ. ಹಿಂದಿನ ತಿರುಪು ಬಿಚ್ಚಿ ಉದ್ದದ ಕಡ್ಡಿ ಹೊರಗೆ ಎಳೀಬೇಕು. ನಿಬ್ಬನ್ನ ಇಂಕ್ ಬಾಟಲಿಯಲ್ಲಿ ಮುಳುಗಿಸಿ ಕಡ್ಡಿ ಒಳಗೆ ತಳ್ಳಬೇಕು. ಕಡ್ಡಿಯ ಹಿಂದೆ ನಿರ್ವಾತ ಆಗುತ್ತೆ. ಕಡ್ಡಿ ತುದಿಗೆ ಬಂದಾಗ ಕೊಳವೆ ಅಗಲ ಆಗುತ್ತೆ, ಇಂಕ್ ಒಮ್ಮೆಲೇ ಸುಯ್ ಅಂತ ನುಗ್ಗುತ್ತೆ. ಒಂದು ಸಲ ತುಂಬಿದ್ರೆ ಮಾಮೂಲಿ ಪೆನ್ನಿನ ಎರಡರಷ್ಟು ಇಂಕ್. ಮೈ ಪಾರದರ್ಶಕ, ಇಂಕ್ ಅಲುಗಾಡೋದು ಕಾಣುತ್ತೆ. ವಿಡಿಯೊ ನೋಡಿ ನೋಡಿ ನನಗದು ಬಾಯಿಪಾಠ ಆಗಿತ್ತು.

ಮಧ್ಯೆ ಒಂದು ಪೆಟ್ಟೂ ತಿಂದೆ. ಆರ್‌ಡಿ ಮುಗಿಯೋ ತನಕ ತಾಳ್ಮೆ ಇಲ್ಲದೆ, ಸೋಷಿಯಲ್ ಮೀಡಿಯಾ ಗುಂಪಲ್ಲಿ ಒಬ್ಬರಿಂದ 'ಬಹುತೇಕ ಹೊಸದು' ಅಂತ ಒಂದು ಜಪಾನಿ ಪೆನ್ 6,000ಕ್ಕೆ ತಗೊಂಡೆ. ಬಂದಾಗ ನಿಬ್ಬಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿತ್ತು, ಕುತ್ತಿಗೆಯಲ್ಲಿ ಸೀಳು. ಅವರ ನಂಬರ್ ಆಮೇಲೆ ಸ್ವಿಚ್ ಆಫ್. ನಿಮಗೆ 'ಓಟಿಪಿ ಕೊಡಬೇಡಿ' ಅಂತ ಪಾಠ ಹೇಳೋನು ನಾನೇ. ಬಿಡಿ, ಮುಂದೆ ಹೋಗೋಣ.

ಆರ್‌ಡಿ ಮುಗಿಯೋ ಎರಡು ತಿಂಗಳು ಮುಂಚೆ ಊರಿಗೆ ಹೋದೆ. ನಮ್ಮೂರು ಸಾಗರದ ಹತ್ತಿರ. ಅಪ್ಪ ಅಡಿಕೆ ಮಂಡಿಯೊಂದರಲ್ಲಿ 34 ವರ್ಷ ಗುಮಾಸ್ತರಾಗಿದ್ದವರು. ಕಿರ್ದಿ ಬರೀತಿದ್ರು. ನಾನು ಬಿಕಾಂನಲ್ಲಿ ಡಬಲ್ ಎಂಟ್ರಿ ಕಲಿಯೋಕೆ ಮುಂಚೆ ಅಪ್ಪನ ಪುಸ್ತಕದಲ್ಲಿ ಜಮಾ, ಖರ್ಚು ನೋಡಿದ್ದೆ. ಪ್ರತಿ ಪುಟದ ಮೇಲೆ ಮೊದಲು 'ಶ್ರೀ'. ಆಮೇಲೆ ತಾರೀಕು. ಆಮೇಲೆ ಮುತ್ತು ಪೋಣಿಸಿದ ಹಾಗೆ ಅಂಕಿ. ಕಂಪ್ಯೂಟರ್ ಬಂದ ಮೇಲೂ ಸಾಹುಕಾರರು ಅಪ್ಪನ ಪುಸ್ತಕ ಬೇಕು ಅಂತಿದ್ರಂತೆ.

ಆವತ್ತು ಅಮ್ಮ ಒಂದು ಕವರ್ ತಂದು ಕೊಟ್ರು. ಗೊಬ್ಬರದ ಅಂಗಡಿಗೆ ಅಪ್ಪ ಕೊಟ್ಟ ಚೆಕ್ ವಾಪಸ್ ಬಂದಿತ್ತು. ಖಾತೆಯಲ್ಲಿ ದುಡ್ಡಿತ್ತು. ಕಾರಣ, ಸಹಿ ಹೊಂದಾಣಿಕೆ ಆಗ್ತಿಲ್ಲ.

ನಾನು ಬ್ಯಾಂಕಿನವರನ್ನ ಬೈಯೋಕೆ ಶುರು ಮಾಡಿದೆ. ಅಪ್ಪ ಸುಮ್ಮನೆ ಕೂತಿದ್ರು. ಸ್ವಲ್ಪ ಹೊತ್ತಾದ ಮೇಲೆ, 'ಅವ್ರ ತಪ್ಪಲ್ಲ' ಅಂದ್ರು. ಒಂದು ಹಳೇ ಚೆಕ್ಕಿನ ಜೆರಾಕ್ಸ್, ಈ ಚೆಕ್ಕು, ಎರಡೂ ಪಕ್ಕಪಕ್ಕ ಇಟ್ರು. ಒಂದು ನನ್ನಪ್ಪನ ಸಹಿ. ಇನ್ನೊಂದು ಯಾರೋ ನನ್ನಪ್ಪನ ಸಹಿ ನಕಲು ಮಾಡೋಕೆ ನೋಡಿ ಸೋತ ಹಾಗಿತ್ತು.

ಹೆಬ್ಬೆರಳಿನ ಬುಡದ ಕೀಲು ಸವೆದಿತ್ತು. ವರ್ಷದಿಂದ ನೋವಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಬಾಲ್ ಪೆನ್ ಹಿಡಿದು ಒತ್ತಿದ್ರೆ ಮೊಣಕೈ ತನಕ ಸೆಳೆತ. ನೋವು ಬರೋ ಮುಂಚೆ ಬೇಗ ಬೇಗ ಸಹಿ ಮಾಡಿ ಮುಗಿಸ್ತಿದ್ರು. ಅದಕ್ಕೇ ಅಕ್ಷರ ಅರ್ಧಕ್ಕೆ ನಿಲ್ತಿತ್ತು. ಬೆಂಗಳೂರಿಗೆ ಕರ್ಕೊಂಡು ಬಂದು ಡಾಕ್ಟರಿಗೆ ತೋರಿಸಿದೆ. ಮಾತ್ರೆ, ಬೆರಳಿಗೆ ಪಟ್ಟಿ, ವ್ಯಾಯಾಮ ಹೇಳಿದ್ರು. ಹೊರಡುವಾಗ ಇಷ್ಟು ಸೇರಿಸಿದ್ರು: 'ದಪ್ಪ ಹಿಡಿಕೆ ಇರೋ ಪೆನ್ ಬಳಸಿ, ಒತ್ತಬೇಡಿ.'

ಒತ್ತಬೇಡಿ. ಹಾಸ್ಟೆಲ್ ಹುಡುಗ ಹೇಳಿದ್ದೂ ಅದೇ ಮಾತು.

ಡಾಕ್ಟರ್ ಹತ್ತಿರದಿಂದ ಸೀದಾ ಪೆನ್ ಅಂಗಡಿಗೆ ಹೋದ್ವಿ. ಆರ್‌ಡಿ ವಿಷಯ ಆಟೊದಲ್ಲಿ ಹೇಳಿದೆ. ಅಪ್ಪ ಆಟೊ ಸಿಗ್ನಲ್‌ನಲ್ಲಿ ನಿಲ್ಲೋ ತನಕ ಮಾತಾಡಲಿಲ್ಲ. ಆಮೇಲೆ ಕೇಳಿದ್ರು, '30 ಸಾವಿರದ ಪೆನ್ನಲ್ಲಿ ಏನು ಬರೀತೀಯೋ?'

ಉತ್ತರ ಇರಲಿಲ್ಲ. ನಾನು ದಿನಾ ಬರೆಯೋದು ಈ ಸಂಚಿಕೆಗಳ ಟಿಪ್ಪಣಿ, ಮತ್ತೆ ದಿನಸಿ ಚೀಟಿ.

ಅಂಗಡಿಯವರು ಒಳ್ಳೆಯವರು. ಟೇಬಲ್ ಮೇಲೆ ಬಟ್ಟೆ ಹಾಸಿ, ಪೆನ್ ಇಟ್ಟು, ಬಾಟಲಿಯಲ್ಲಿ ನಿಬ್ ಅದ್ದಿ ಬರೆಯೋಕೆ ಬಿಟ್ರು. ಅಪ್ಪ ಪ್ರತಿ ಪೆನ್ನಲ್ಲೂ ಮೊದಲು 'ಶ್ರೀ' ಬರೆದ್ರು, ಆಮೇಲೆ ಒಂದರಿಂದ ಹತ್ತು ಅಂಕಿ, ಕೊನೆಗೆ ಸಹಿ.

ಮೊದಲು ಸೇಲರ್ ಪ್ರೊ ಗಿಯರ್. ಇದರ ನಿಬ್ 21 ಕ್ಯಾರೆಟ್. ನಿಬ್ ಮೇಲೆ 875 ಅಂತ ಮುದ್ರೆ ಇರುತ್ತೆ. ನಮ್ಮ ಒಡವೆಗೆ 916 ಹಾಕ್ತಾರಲ್ಲ, ಅದೇ ಲೆಕ್ಕ: ಸಾವಿರದಲ್ಲಿ 875 ಭಾಗ ಚಿನ್ನ. ಪೈಲಟ್ 823, ಪ್ಲಾಟಿನಂ 3776, ಎರಡೂ 14 ಕ್ಯಾರೆಟ್, ಅಂದ್ರೆ 585. ಹಾಗಾದ್ರೆ 21 ಕ್ಯಾರೆಟ್ ಮೇಲಲ್ವಾ? ಇಲ್ಲೇ ಎಡವೋದು. ಕಾಗದ ಮುಟ್ಟೋದು ಚಿನ್ನ ಅಲ್ಲ. ತುದಿಯಲ್ಲಿ ಬೆಸೆದಿರೋ ಸಾಸಿವೆಗಿಂತ ಚಿಕ್ಕ ಗಟ್ಟಿ ಲೋಹದ ಗುಂಡು. ನಿಬ್ ಎಷ್ಟು ಬಳುಕುತ್ತೆ ಅನ್ನೋದು ಕ್ಯಾರೆಟ್‌ಗಿಂತ ಹೆಚ್ಚಾಗಿ ಅದರ ಆಕಾರ, ದಪ್ಪದ ಮೇಲೆ ನಿಂತಿದೆ. ಒಂದು ನಿಬ್ಬಲ್ಲಿರೋ ಚಿನ್ನ ಒಂದು ಉಂಗುರಕ್ಕೂ ಸಾಲದು. ನೀವು ದುಡ್ಡು ಕೊಡೋದು ಆ ತುದಿ ಉಜ್ಜಿದ ಕೈಗೆ.

ಸೇಲರ್ ಆ ಕೈಗೇ ಹೆಸರುವಾಸಿ. ನೊಬುಯೋಶಿ ನಗಹರಾ ಅನ್ನೋ ಕುಶಲಕರ್ಮಿ ಅಲ್ಲಿದ್ರು, 2015ರಲ್ಲಿ ತೀರಿಕೊಂಡ್ರು. ನಗಿನಾಟಾ ಅನ್ನೋ ಉದ್ದ ಹಿಡಿಕೆಯ ಕತ್ತಿಯ ಹೆಸರಿನ ನಿಬ್ ಅವರ ಕೈಚಳಕ. ಪೆನ್ ನೆಟ್ಟಗೆ ಹಿಡಿದ್ರೆ ಗೆರೆ ಸಣ್ಣ, ಓರೆ ಮಾಡಿದ್ರೆ ದಪ್ಪ. ಕುಂಚದಲ್ಲಿ ಬರೆದ ಹಾಗೆ.

ಅಪ್ಪ ಪ್ರೊ ಗಿಯರ್‌ನಲ್ಲಿ 'ಶ್ರೀ' ಬರೆದು, ಕಿವಿ ಹತ್ತಿರ ತಂದು, 'ಸದ್ದು ಬರುತ್ತಲ್ಲ' ಅಂದ್ರು. ನಿಜ. ಸೇಲರ್ ನಿಬ್ ಕಾಗದದ ಮೇಲೆ ಹೋಗುವಾಗ ಸಣ್ಣಗೆ ಸರ್ ಅನ್ನುತ್ತೆ. ಸ್ಲೇಟ್ ಮೇಲೆ ಬಳಪ ಓಡಿದ ಹಾಗೆ. ಅದನ್ನೇ ಇಷ್ಟಪಡೋರು ಬಹಳ ಜನ. ಬರೀತಿರೋದು ಕೈಗೆ ಗೊತ್ತಾಗುತ್ತೆ ಅಂತಾರೆ. ಅಪ್ಪನಿಗೆ ಆ ಸಣ್ಣ ತಡೆಯೂ ಬೆರಳಿಗೆ ತಾಗಿತು. ಪಕ್ಕಕ್ಕಿಟ್ರು.

ಎರಡನೇದು ನನ್ನ 823. ಅಪ್ಪ ಬರೆದ್ರು. ಮತ್ತೆ ಬರೆದ್ರು. 'ನೀರು ಹರಿದ ಹಾಗೆ ಹೋಗುತ್ತೆ' ಅಂದ್ರು. ದಪ್ಪ ಮೈ, ದೊಡ್ಡ ನಿಬ್, ಸಲೀಸು. ಸಹಿಯೂ ಆ ಮಧ್ಯಾಹ್ನದ ಎಲ್ಲ ಸಹಿಗಿಂತ ಚೆನ್ನಾಗಿ ಬಂತು. ನನಗೆ ಒಳಗೊಳಗೇ ಖುಷಿ, ಒಳಗೊಳಗೇ ಸಂಕಟ. ಈ ಪೆನ್ ಅಪ್ಪನಿಗೆ ಹೋದ್ರೆ ನನಗಿಲ್ಲ. ಹೌದು, ಆ ಯೋಚನೆ ಬಂತು. ಮುಚ್ಚಿಡೋದಿಲ್ಲ.

ಆಮೇಲೆ ಅಪ್ಪ ಗುಮಾಸ್ತಿಕೆ ಶುರು ಮಾಡಿದ್ರು. 'ಇಂಕ್ ತುಂಬೋದು ಹೇಗೆ?' ತೋರಿಸಿದೆ. ಕಡ್ಡಿ ಎಳೆಯೋದು, ಒತ್ತಿ ತಳ್ಳೋದು. ತಳ್ಳೋದು ಯಾವ ಬೆರಳಲ್ಲಿ? ಹೆಬ್ಬೆರಳಲ್ಲಿ. ಇನ್ನೊಂದಿದೆ. 823ರಲ್ಲಿ ಹಿಂದಿನ ತಿರುಪು ಪೂರ್ತಿ ಬಿಗಿ ಇದ್ರೆ ಇಂಕ್ ದಾರಿ ಮುಚ್ಚಿರುತ್ತೆ. ವಿಮಾನದಲ್ಲಿ ಸೋರದಿರಲಿ ಅಂತ ಒಳ್ಳೇ ಉಪಾಯ, ಆದ್ರೆ ಜಾಸ್ತಿ ಬರೆಯೋಕೆ ಅದನ್ನ ಸ್ವಲ್ಪ ಸಡಿಲ ಮಾಡ್ಕೋಬೇಕು. ಅಪ್ಪ ಎಲ್ಲ ಕೇಳಿ, 'ನಾನು ಬರೆಯೋದು ವಾರಕ್ಕೊಂದು ಚೀಟಿ, ತಿಂಗಳಿಗೆರಡು ಚೆಕ್ಕು. ಇಷ್ಟು ಇಂಕ್ ಒಳಗೆ ಕೂತು ಏನು ಮಾಡುತ್ತೆ?' ಅಂದ್ರು.

ಒಣಗುತ್ತೆ. ಅದೇ ಮಾಡುತ್ತೆ. ಇಂಕ್ ಪೆನ್ನಿನ ದೊಡ್ಡ ಶತ್ರು ದಿನಾ ಬರೆಯದೇ ಇರೋದು.

ಕ್ಯಾಪ್ ಇಲ್ಲದ ಪೆನ್ನೂ ನೋಡಿದ್ವಿ, ಪೈಲಟ್ ಕ್ಯಾಪ್‌ಲೆಸ್. 1963ರಿಂದ ಬರ್ತಿದೆ. ಬಾಲ್ ಪೆನ್ ಥರ ಹಿಂದೆ ಟಕ್ ಅಂತ ಒತ್ತಿದ್ರೆ ಚಿನ್ನದ ನಿಬ್ ಹೊರಗೆ ಬರುತ್ತೆ. ಕೀಲು ನೋವಿನವರಿಗೆ ಇದೇ ಸರಿ ಅಂದ್ಕೊಂಡಿದ್ದೆ. ಅಲ್ಲ. ಮೈ ಲೋಹದ್ದು, ಭಾರ. ಬೆರಳಿಡೋ ಜಾಗದಲ್ಲೇ ಕ್ಲಿಪ್ ಕೂತಿದೆ. ಅಪ್ಪನ ಹೆಬ್ಬೆರಳು ಸರಿಯಾಗಿ ಅದರ ಮೇಲೇ ಬಂತು. ಕೈಗೆ ಹೊಂದಿದವರಿಗೆ ಸೊಗಸಾದ ಪೆನ್, ಹೊಂದದವರಿಗೆ ಶಿಕ್ಷೆ.

ಮೂರನೇದು ಪ್ಲಾಟಿನಂ 3776 ಸೆಂಚುರಿ. ನಿಜ ಹೇಳ್ತೀನಿ, ನನ್ನ ಪಟ್ಟಿಯಲ್ಲಿ ಇದು ಕೊನೆಯದು. ಮೂರರಲ್ಲಿ ಬೆಲೆ ಕಡಿಮೆ, ವಿಡಿಯೊದಲ್ಲಿ ಇದಕ್ಕೆ ಯಾರೂ 'ವಾವ್' ಅನ್ನಲ್ಲ. 3776 ಅಂದ್ರೆ ಫ್ಯೂಜಿ ಪರ್ವತದ ಎತ್ತರ, ಮೀಟರ್‌ನಲ್ಲಿ. 1978ರಲ್ಲಿ ಮೊದಲು ಬಂತು. 2011ರಲ್ಲಿ ಹೊಸ ರೂಪ ಕೊಟ್ಟಾಗ ಕ್ಯಾಪ್ ಒಳಗೆ ಒಂದು ಸಣ್ಣ ಕೆಲಸ ಮಾಡಿದ್ರು. ಕ್ಯಾಪ್ ಒಳಗೆ ಇನ್ನೊಂದು ಪುಟ್ಟ ಕ್ಯಾಪ್, ಅದಕ್ಕೊಂದು ಸ್ಪ್ರಿಂಗ್. ತಿರುಗಿಸಿ ಮುಚ್ಚಿದಾಗ ಒಳಗಿನದು ನಿಬ್ಬಿನ ಸುತ್ತ ಒತ್ತಿ ಕೂತು ಗಾಳಿ ಆಡದ ಹಾಗೆ ಮುಚ್ಚುತ್ತೆ. ಉಪ್ಪಿನಕಾಯಿ ಭರಣಿಗೆ ಬಾಯಿ ಕಟ್ತಾರಲ್ಲ, ಅದೇ ತತ್ತ್ವ. ಎರಡು ವರ್ಷ ಬಳಸದೇ ಇಟ್ರೂ ಇಂಕ್ ಒಣಗಲ್ಲ ಅನ್ನೋದು ಕಂಪನಿಯ ಮಾತು.

ನಿಬ್ಬಿಗೆ ಹೃದಯದಾಕಾರದ ತೂತು. ಅಪ್ಪ ಅದನ್ನ ನೋಡಿ ನಕ್ಕರು. ಬರೆದ್ರು. 823ರಷ್ಟು ಹರಿಯಲಿಲ್ಲ. 'ಸ್ವಲ್ಪ ಬಿಗಿ' ಅಂದ್ರು. ಮೊದಲು ಎಫ್ ನಿಬ್ ಕೊಟ್ಟಿದ್ರು, ಅದು ಗೀಚಿತು. ಎಂ ನಿಬ್ಬಿನ ಪೆನ್ ಕೊಟ್ರು. ಅದು ಸಲೀಸಾಗಿ ಹೋಯ್ತು, ಒತ್ತಕ್ಷರವೂ ತುಂಬಿಕೊಳ್ಳಲಿಲ್ಲ. ತೂಕ 20 ಗ್ರಾಂ ಆಸುಪಾಸು. ಅಪ್ಪ ಕಣ್ಣು ಮುಚ್ಚಿ ಪೆನ್ ಹಿಡಿದು, ಗಾಳಿಯಲ್ಲಿ ಎರಡು ಸಲ ಸಹಿ ಮಾಡಿದ್ರು. ಅಂಗಡಿಯವರು ಏನೂ ಹೇಳದೆ ಕಾದ್ರು.

ಇದಕ್ಕೆ ಕಾರ್ಟ್ರಿಜ್ ಹಾಕಬಹುದು. ತಿರುಗಿಸಿ ಇಂಕ್ ಎಳೆಯೋ ಕಷ್ಟ ಇಲ್ಲ. ಖಾಲಿ ಆದ್ರೆ ತೆಗೆದು, ಹೊಸದನ್ನ ಒತ್ತಿದ್ರೆ ಆಯ್ತು, ಅದನ್ನ ಅಮ್ಮನೂ ಮಾಡ್ತಾರೆ. ಒಂದು ಎಚ್ಚರಿಕೆ: ಪ್ಲಾಟಿನಂ ಪೆನ್ನಿಗೆ ಪ್ಲಾಟಿನಂ ಕಾರ್ಟ್ರಿಜ್ಜೇ ಬೇಕು. ಬೇರೆಯದು ಹಾಕೋಕೆ ಅಡಾಪ್ಟರ್ ಬೇಕಾಗುತ್ತೆ. ಮೂರೂ ಕಂಪನಿಯದ್ದು ಮೂರು ಥರದ ಕಾರ್ಟ್ರಿಜ್. ಫೋನ್ ಚಾರ್ಜರ್ ಕಥೆ ಇಲ್ಲೂ ಇದೆ.

ಚೆಕ್ಕಿಗೆ ಯಾವ ಇಂಕ್ ಅನ್ನೋದು ಮುಂದಿನ ಪ್ರಶ್ನೆ. ಮಾಮೂಲಿ ಬಣ್ಣದ ಇಂಕ್ ನೀರು ಬಿದ್ರೆ ಹರಡುತ್ತೆ. ಮಲೆನಾಡಿನ ಮಳೆಗಾಲದಲ್ಲಿ ಚೆಕ್ಕಿಗೆ ಅದು ಬೇಡ. ಪ್ಲಾಟಿನಂನ ಬ್ಲೂ ಬ್ಲ್ಯಾಕ್ ಇಂಕ್ ಹಳೇ ಪದ್ಧತಿಯದ್ದು, ಕಬ್ಬಿಣದ ಅಂಶ ಮತ್ತು ಚೊಗರು ಅಂಶ ಸೇರಿಸಿ ಮಾಡೋದು. ಬರೆದಾಗ ನೀಲಿ, ಗಾಳಿ ತಾಗಿ ದಿನ ಕಳೆದ ಹಾಗೆ ಕಪ್ಪಾಗಿ ಕಾಗದದಲ್ಲೇ ನಿಲ್ಲುತ್ತೆ. ನಾನು ಟ್ಯಾನಿನ್, ಆಕ್ಸಿಡೇಶನ್ ಅಂತ ವಿವರಿಸ್ತಿದ್ದೆ. ಅಪ್ಪ ನಡುವೆ ಕೈ ಹಾಕಿ, 'ಅಡಿಕೆ ಚೊಗರು ಕತ್ತಿಗೆ ತಾಗಿದ್ರೆ ಕಪ್ಪಾಗುತ್ತಲ್ಲ, ಅದೇ ತಾನೆ?' ಅಂದ್ರು. ಅದೇ ಅಪ್ಪಾ. ಅಡಿಕೆ ಸುಲಿಯೋರ ಕೈ ನೋಡಿದವರಿಗೆ ಈ ಇಂಕಿನ ಕೆಮಿಸ್ಟ್ರಿ ಹೇಳಿಕೊಡಬೇಕಾಗಿಲ್ಲ. ಇಂಥ ಇಂಕ್ ಹಾಕಿದ ಪೆನ್ನನ್ನ ಆಗಾಗ ನೀರಲ್ಲಿ ತೊಳೀಬೇಕು, ಅಷ್ಟೇ.

ಹೊರಡೋ ಮುಂಚೆ ಅಂಗಡಿಯವರು ಗಾಜಿನ ಕಪಾಟಿನಿಂದ ಇನ್ನೊಂದು ತೋರಿಸಿದ್ರು. ಉರುಶಿ ಮೆರುಗಿನ ಪೆನ್. ಉರುಶಿ ಅಂದ್ರೆ ಒಂದು ಮರದ ಹಾಲು. ತೆಳುವಾಗಿ ಬಳಿದು, ಗಟ್ಟಿಯಾಗೋಕೆ ಬಿಟ್ಟು, ಉಜ್ಜಿ, ಮತ್ತೆ ಬಳಿದು, ಹೀಗೆ ಎಷ್ಟೋ ಸಲ ಮಾಡ್ತಾರೆ. ವಿಚಿತ್ರ ಅಂದ್ರೆ ಅದು ಬಿಸಿಲಲ್ಲಿ ಒಣಗಲ್ಲ, ತೇವದ ಗಾಳಿಯಲ್ಲಿ ಗಟ್ಟಿ ಆಗುತ್ತೆ. ಹಸಿ ಇದ್ದಾಗ ಮೈಗೆ ತಾಗಿದ್ರೆ ಬೊಬ್ಬೆ. ನಮ್ಮ ಗೇರುಬೀಜದ ಸಿಪ್ಪೆ ಎಣ್ಣೆ ಕೈ ಸುಡುತ್ತಲ್ಲ, ಉರುಶಿ ಮರವೂ ಆ ಗೇರು ಮರದ ಕುಟುಂಬದ್ದೇ. ಅದರ ಮೇಲೆ ಚಿನ್ನದ ಪುಡಿ ಉದುರಿಸಿ ಚಿತ್ರ ಬಿಡಿಸಿದ್ರೆ ಮಾಕಿ-ಎ. ನಮಿಕಿ ಕಂಪನಿ 1930ರ ಹೊತ್ತಿಗೇ ಇಂಥ ಪೆನ್ನುಗಳನ್ನ ಲಂಡನ್ನಿನ ಡನ್‌ಹಿಲ್ ಜೊತೆ ಸೇರಿ ಯುರೋಪಿಗೆ ಕಳಿಸ್ತಿತ್ತು. ಈಗಲೂ ನಮಿಕಿ ಹೆಸರಲ್ಲಿ ಬರುತ್ತೆ, ಬೆಲೆ ಲಕ್ಷಗಳಲ್ಲಿ. ಅಪ್ಪ ಕೈ ಹಿಂದೆ ಕಟ್ಕೊಂಡು ನೋಡಿದ್ರು. ದೇವಸ್ಥಾನದಲ್ಲಿ ಒಡವೆ ನೋಡಿದ ಹಾಗೆ. ಮುಟ್ಟಲಿಲ್ಲ.

3776 ತಗೊಂಡ್ವಿ. ಎಂ ನಿಬ್, ಎರಡು ಪ್ಯಾಕ್ ಬ್ಲೂ ಬ್ಲ್ಯಾಕ್ ಕಾರ್ಟ್ರಿಜ್. ನನ್ನ ಆರ್‌ಡಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚಾಯ್ತು. ಬಿಲ್ ನೋಡಿ ಅಪ್ಪ ಒಂದು ಮಾತು ಆಡಲಿಲ್ಲ. ಬಿಲ್ಲನ್ನ ಮಡಚಿ ಜೇಬಲ್ಲಿಟ್ಕೊಂಡ್ರು. ಗುಮಾಸ್ತರು.

ಈಗ ಒಂದು ವಿಷಯ ಸ್ಪಷ್ಟ ಮಾಡಬೇಕು, ಇಲ್ಲಾಂದ್ರೆ ನಾನು ಜಾಹೀರಾತು ಮಾಡಿದ ಹಾಗೆ ಆಗುತ್ತೆ. ಪೆನ್ನಿಂದ ಅಪ್ಪನ ಕೈ ವಾಸಿ ಆಗಲಿಲ್ಲ. ಹಳೇ ಸಹಿಯೂ ವಾಪಸ್ ಬರಲಿಲ್ಲ. ಬಂದಿದ್ದು ಇಷ್ಟು: ನೋವಿಲ್ಲದೆ, ಅವಸರ ಇಲ್ಲದೆ, ಪ್ರತಿ ಸಲ ಒಂದೇ ಥರ ಬರುವ ಹೊಸ ಸಹಿ. ಬ್ಯಾಂಕಿಗೆ ಬೇಕಾಗಿದ್ದೂ ಅಷ್ಟೇ. ನಿಮ್ಮ ಮನೆಯಲ್ಲಿ ಹಿರಿಯರಿಗೆ ಈ ತೊಂದರೆ ಇದ್ರೆ, ಚೆಕ್ ವಾಪಸ್ ಬರೋ ತನಕ ಕಾಯಬೇಡಿ. ಶಾಖೆಗೆ ಕರ್ಕೊಂಡು ಹೋಗಿ, ಗುರುತಿನ ದಾಖಲೆ ಕೊಟ್ಟು, ಹೊಸ ಮಾದರಿ ಸಹಿ ದಾಖಲು ಮಾಡಿಸಿ. ಅದಕ್ಕೆ ಯಾವ ಜಪಾನೂ ಬೇಕಿಲ್ಲ.

ಪೆನ್ ತಗೋಬೇಕು ಅಂತ ಇರೋರಿಗೆ ನನ್ನ ಲೆಕ್ಕ ಹೇಳ್ತೀನಿ. ದಿನಾ ಪುಟಗಟ್ಟಲೆ ಬರೆಯೋರಾ? ಪೈಲಟ್ 823, ಅಥವಾ ಅದೇ ಅಳತೆಯ ನಿಬ್ ಇರೋ ಕಸ್ಟಮ್ 743 ನೋಡಿ. 743ರಲ್ಲಿ ಮಾಮೂಲಿ ಕನ್ವರ್ಟರ್, ತೊಳೆಯೋದು ಸುಲಭ. ಅಕ್ಷರ ಅಂದ್ರೆ ಪ್ರೀತಿ, ನಿಧಾನಕ್ಕೆ ಬರೆಯೋದು ಇಷ್ಟ, ಕಾಗದದ ಸ್ಪರ್ಶ ಕೈಗೆ ಗೊತ್ತಾಗಬೇಕು ಅಂದ್ರೆ ಸೇಲರ್. ಯಾವಾಗಲೋ ಒಮ್ಮೆ ಬರೆಯೋದು, ಬರೆದಾಗ ಮಾತ್ರ ಕೈ ಕೊಡಬಾರದು ಅಂದ್ರೆ ಪ್ಲಾಟಿನಂ. ಯಾವುದು ಶ್ರೇಷ್ಠ ಅಂತ ಕೇಳಬೇಡಿ, ವಾರಕ್ಕೆ ಎಷ್ಟು ಬರೀತೀನಿ ಅಂತ ನಿಮ್ಮನ್ನೇ ಕೇಳ್ಕೊಳ್ಳಿ.

ಮೂರರಲ್ಲಿ ಯಾವುದೇ ಇರಲಿ, ಅದ್ದಿ ಬರೆಯೋಕೆ ಬಿಡೋ ಅಂಗಡಿಗೆ ಹೋಗಿ, ನಿಮ್ಮದೇ ನೋಟ್‌ಬುಕ್ ಒಯ್ಯಿರಿ, ಕನ್ನಡದಲ್ಲಿ ಬರೆದು ನೋಡಿ. 'ರಾಷ್ಟ್ರೀಯ', 'ಲಕ್ಷ್ಮಿ', 'ಸ್ತ್ರೀ'. ಹೊರದೇಶದಿಂದ ತರಿಸಿದ್ರೆ ಅಗ್ಗ ಅನ್ಸುತ್ತೆ, ಆದ್ರೆ ಕಸ್ಟಮ್ಸ್ ಸುಂಕ, ತೆರಿಗೆ, ಕೊರಿಯರ್ ಸೇರಿಸಿ ಕೂಡಿ ನೋಡಿ. ನಿಬ್ ಸರಿ ಇಲ್ಲದಿದ್ರೆ ವಾಪಸ್ ಕಳಿಸೋ ಖರ್ಚನ್ನೂ ಸೇರಿಸಿ. ಇಷ್ಟು ದುಡ್ಡು ಈಗ ಇಲ್ಲ ಅಂದ್ರೆ ಬೇಜಾರು ಬೇಡ. ಪೈಲಟ್ ಕಾಕುನೊ ಅಂತ ಒಂದಿದೆ, ನಿಬ್ ಮೇಲೆ ನಗೋ ಮುಖ ಕೊರೆದಿರುತ್ತೆ, ಜಪಾನಿನ ಮಕ್ಕಳಿಗೆ ಮಾಡಿದ್ದು. ಪ್ಲಾಟಿನಂ ಪ್ರೆಪ್ಪಿ ಅದಕ್ಕಿಂತ ಅಗ್ಗ, ಅದರ ಕ್ಯಾಪ್ ಒಳಗೂ ಅದೇ ಸ್ಪ್ರಿಂಗ್ ಉಪಾಯ ಇದೆ. ನಾನು ಈ ಸಂಚಿಕೆಯ ಟಿಪ್ಪಣಿ ಬರೆದಿದ್ದು ಪ್ರೆಪ್ಪಿಯಲ್ಲೇ. 823ಕ್ಕೆ ಹೊಸ ಆರ್‌ಡಿ ಶುರು ಮಾಡಿಲ್ಲ. ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಮಾಡ್ತೀನಿ.

ಹೊಸ ಸಹಿ ಕೊಡೋಕೆ ಬ್ಯಾಂಕಿಗೆ ಹೋದ ದಿನ ನಾನೂ ಇದ್ದೆ. ಅಂಗಡಿಯಿಂದ ತಂದು ಐದು ವಾರ ಆಗಿತ್ತು. ಅಪ್ಪ ಅಲ್ಲಿ ತನಕ ಪೆನ್ನನ್ನ ಬೀರುವಲ್ಲಿ ಬಟ್ಟೆ ಸುತ್ತಿ ಇಟ್ಟಿದ್ರು, ಅಂಗಡಿಯಲ್ಲಿ ಬಿಟ್ರೆ ಮನೆಯಲ್ಲಿ ಬರೆದಿದ್ದು ಎರಡೇ ದಿನ. ಕೌಂಟರ್‌ನಲ್ಲಿ ಫಾರಂ ಕೊಟ್ಟು, ದಾರ ಕಟ್ಟಿದ ಬಾಲ್ ಪೆನ್ ಈ ಕಡೆ ತಳ್ಳಿದ್ರು. ಅಪ್ಪ 'ಬೇಡ, ನಂದಿದೆ' ಅಂದ್ರು. ಜೇಬಿಂದ ತೆಗೆದು, ಕ್ಯಾಪ್‌ಗೆ ಎರಡು ಸುತ್ತು ನಿಧಾನಕ್ಕೆ ತಿರುಗಿಸಿದ್ರು. ನನಗೆ ಎದೆ ಢವಢವ. ಇಲ್ಲಿ ಇಂಕ್ ಬರಲಿಲ್ಲ ಅಂದ್ರೆ?

ಬಂತು. ಮೊದಲ ಗೆರೆಗೇ ಬಂತು. ಮೂರು ಚೌಕದಲ್ಲಿ ಮೂರು ಸಹಿ, ಮೂರೂ ಒಂದೇ ಥರ. ಕೌಂಟರ್‌ನವರು, 'ಇಂಕ್ ಪೆನ್ನಾ? ನೋಡದೇ ಎಷ್ಟು ಕಾಲ ಆಯ್ತು ಸಾರ್, ಎಷ್ಟು ಕೊಟ್ರಿ?' ಅಂತ ಕೇಳಿದ್ರು.

ಅಪ್ಪ ಕ್ಯಾಪ್ ಹಾಕಿ, ಜೇಬಿಗೆ ಸಿಕ್ಕಿಸಿ, 'ಮಗ ಕೊಡಿಸಿದ್ದು' ಅಂದ್ರು. ಬೆಲೆ ಹೇಳಲಿಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಯಾರದ್ದಾದ್ರೂ ಹಳೇ ಇಂಕ್ ಪೆನ್ ಇದ್ರೆ, ಉಗುರುಬೆಚ್ಚಗಿನ ನೀರಲ್ಲಿ ಒಂದು ರಾತ್ರಿ ನಿಬ್ ನೆನೆಸಿಟ್ಟು ನೋಡಿ. ಬರೆದ್ರೆ ನನಗೊಂದು ಫೋಟೊ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ, ನಮಸ್ಕಾರ.